ಅಮ್ಮ ಹರಳು ಹೆಕ್ಕಿದ ಗದ್ದೆ

ಸುಟ್ಟ ಟಯರಿನ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ನಮ್ಮ ಮನೆಯ ಕಂಬಳದ ಗದ್ದೆ ನೆನಪಾಗುತ್ತದೆ. ಹಿರಿಯಡ್ಕದಿಂದ ಒಳಗೆ ಹೋದರೆ ಈಗ ಅಲ್ಲಿ ಕಾರ್ ರೇಸಿನ ಟ್ರ್ಯಾಕ್. ತಿರುವುಗಳಲ್ಲಿ ಹಳೆಯ ಟಯರುಗಳ ಗೋಡೆ, ತಗಡಿನ ಮಾಡಿನ ಗ್ಯಾಲರಿ, ಕ್ಯಾಂಟೀನು, ಹೆಂಗಸರಿಗೆ ಬೇರೆಯೇ ಶೌಚಾಲಯ. ಸೌಕರ್ಯಕ್ಕೇನೂ ಕೊರತೆಯಿಲ್ಲ. ನಿಮ್ಮ ಮನೆಯೆದುರಿನ ಗದ್ದೆಯೂ ಹೀಗೆ ಏನೋ ಒಂದು ಆಗಿ ಹೋಗಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾದೀತು.

ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೆಣ್ಣಿನ ಸಂತತಿಗೆ, ಯಜಮಾನಿಕೆ ಅವಳ ಅಣ್ಣನಿಗೆ. ಅಂದರೆ ಗದ್ದೆ ಅಮ್ಮನದು, ಮಾತು ಮಾವನದು. ಕಂಬಳ ಹತ್ತಿರ ಬಂದಾಗ ಕೋಣಗಳು ಓಡುವ ಕೆಸರಿನ ಕರೆಯನ್ನು ಹದ ಮಾಡುವುದು ಅಮ್ಮನ ಕೆಲಸವಾಗಿತ್ತು. ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಇಳಿದು, ಬೆಚ್ಚಗಿನ ಕೆಸರಿನೊಳಗೆ ಬೆರಳಾಡಿಸಿ ಹರಳುಕಲ್ಲು ಹೆಕ್ಕುತ್ತಿದ್ದಳು. ಅದನ್ನು ಹಾಕಲು ನಾನು ತೆಂಗಿನ ಗೆರಟೆ ಹಿಡಿದು ಹಿಂದೆ ನಡೆಯುತ್ತಿದ್ದೆ. "ಸರಿಯಾಗಿ ಹುಡುಕು ಮಗಾ, ಗೊರಸಿನ ಸಂದಿಗೆ ಒಂದು ಹರಳು ಹೊಕ್ಕರೂ ಸಾಕು, ಪಾಪದ ಜೀವ ಕುಂಟುತ್ತದೆ" ಎನ್ನುತ್ತಿದ್ದಳು. ಕಂಬಳದ ದಿನ ಮಾತ್ರ ನಮ್ಮಲ್ಲಿ ಹೆಂಗಸರು ಕರೆಗೆ ಇಳಿಯುವ ಹಾಗಿರಲಿಲ್ಲ. ಅಮ್ಮ ಗದ್ದೆಯಂಚಿನ ಹುಣಿಯ ಮೇಲೆ ನಿಂತು, ಓಡಿ ಬಂದ ನಮ್ಮ ಕೋಣಗಳ ಕಾಲನ್ನೇ ನೋಡುತ್ತಿದ್ದಳು. ಗೆದ್ದಾಗ ಶಾಲು ಹೊದೆಸಿಕೊಳ್ಳುತ್ತಿದ್ದವರು ಮುಂಡಾಸಿನ ಮಾವ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ.

ಕೋಣಗಳು ಒಂದರ ಹಿಂದೊಂದು ಸತ್ತ ಮೇಲೆ ಮಾವ ಹೊಸ ಜೋಡಿ ತರಲಿಲ್ಲ. "ಹುರುಳಿ ಬೇಯಿಸಿ ಹಾಕ್ಲಿಕ್ಕೆ ಈಗ ಯಾರಿದ್ದಾರೆ?" ಎಂದರು.

"ಇಷ್ಟು ವರ್ಷ ಬೇಯಿಸಿದ್ದು ಯಾರು ಅಣ್ಣಾ? ಗದ್ದೆ ಹಾಗೇ ಇರಲಿ, ನಾನು ಉಂಟಲ್ಲ" ಎಂದಳು ಅಮ್ಮ. ಮಾವ ಕೇಳಿಸದವರ ಹಾಗೆ ಎದ್ದು ಹೋದರು. ಒಂದು ಬೆಳಿಗ್ಗೆ ನೋಡಿದರೆ ಲಾರಿಗಳು ಗದ್ದೆಗೆ ಜಲ್ಲಿ ಸುರಿಯುತ್ತಿದ್ದವು. ಮಾವ ಅದನ್ನು ರೇಸಿನವರಿಗೆ ಕೊಟ್ಟಾಗಿತ್ತು. ಒಂದು ಹರಳಿಗಾಗಿ ಸೊಂಟ ಮುರಿದುಕೊಂಡವಳ ಕಣ್ಣೆದುರು ಲಾರಿಗಟ್ಟಲೆ ಕಲ್ಲು.

ಮೊದಲ ರೇಸಿಗೆ 'ಕಂಬಳದ ಮನೆಯ ಹಿರಿಯರು' ಎಂದು ಅಮ್ಮನನ್ನೇ ಕರೆದು ಕೈಗೆ ಬಾವುಟ ಕೊಟ್ಟರು. ಅವಳು ಅದನ್ನು ಎತ್ತಿ ಹಿಡಿದಳು. ಕಾರುಗಳು ಗುರುಗುಟ್ಟಿದವು.

"ಅಮ್ಮಾ, ಕೆಳಗೆ ಬೀಸಿ, ಗಾಡಿ ಹೊರಡ್ಲಿ" ಎಂದು ಮೈಕಿನವನು ಗೋಗರೆದ. ಅಮ್ಮ ಕೈ ಇಳಿಸಲಿಲ್ಲ. ಮುದುಕಿಗೆ ತಿಳಿಯಲಿಲ್ಲವೆಂದು ಗ್ಯಾಲರಿ ನಕ್ಕಿತು. ಅವಳಿಗೆ ಚೆನ್ನಾಗಿಯೇ ತಿಳಿದಿತ್ತು.

ಮಾವ ದಡದಡನೆ ಬಂದರು. "ಇಷ್ಟು ಸಹ ಗೊತ್ತಾಗುದಿಲ್ವಾ ನಿನಗೆ?" ಎಂದು ಬಾವುಟ ಕಿತ್ತುಕೊಂಡು ತಾವೇ ಬೀಸಿದರು. ಧೂಳೆದ್ದಿತು. ಅಮ್ಮನ ಖಾಲಿ ಕೈ ಇನ್ನೂ ಮೇಲೆಯೇ ಇತ್ತು.

ಮರುವರ್ಷ ಪಾರ್ಕಿಂಗಿಗೆಂದು ಮನೆಯನ್ನೂ ಕೆಡವಿದರು. ಅಮ್ಮ ಮಣಿಪಾಲದ ನನ್ನ ಬಾಡಿಗೆ ಮನೆಗೆ ಬಂದಳು. ಊರಿನ ಮದುವೆಗಳಿಗೆ ಹೋಗುವಾಗಲೂ ಟ್ರ್ಯಾಕಿನ ಬದಿಯ ರಸ್ತೆ ಬೇಡವೆನ್ನುತ್ತಿದ್ದಳು. ಸುತ್ತಿ ಬಳಸಿ ಹೋಗುತ್ತಿದ್ದೆವು. ಅವಳು ತೀರಿಕೊಂಡ ದಿನ ಊರಿನ ಸ್ಮಶಾನಕ್ಕೆ ಹೊರಟಾಗ ಆಂಬುಲೆನ್ಸಿನವನು ಕೇಳಿದ, "ಟ್ರ್ಯಾಕಿನ ಬದಿಯಿಂದ ಹೋದರೆ ಬೇಗ ಆಗ್ತದೆ, ಅಲ್ವಾ?"

"ಹೌದು" ಎಂದೆ. "ಸುತ್ತಿ ಹೋಗುವ."