ಬಾಗಿಲ ಕಡೆಯಿಂದ ಶುರು ಮಾಡುತ್ತಿದ್ದ ಅಕ್ಕೋರು

ಅಕ್ಕೋರ ಬಲಗಿವಿಯ ಮೇಲೆ, ತಲೆಗೆ ಕಟ್ಟಿದ ಬಿಳಿ ಸ್ಕಾರ್ಫಿನ ಸಂದಿಯಲ್ಲಿ, ಸದಾ ಒಂದು ನೀಲಿ ಬಾಲ್‌ಪೆನ್ನು ಸಿಕ್ಕಿಸಿರುತ್ತಿತ್ತು. ಬಡಿಗರು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಲಕ್ಷ್ಮೇಶ್ವರದಲ್ಲಿ ಅವರ ಅಪ್ಪ ಬಡಿಗತನ ಮಾಡುತ್ತಿದ್ದರಂತೆ. ಹೊಲವಿಲ್ಲ, ಮನೆಯಿಲ್ಲ, ಅಪ್ಪನಿಂದ ಬಂದ ಆಸ್ತಿ ಇದೊಂದೇ ಎಂದು ನಗುತ್ತಿದ್ದರು. ಶಾಯಿ ಸೋರಿ ಸ್ಕಾರ್ಫಿನ ಆ ಜಾಗದಲ್ಲಿ ಬಟಾಣಿ ಗಾತ್ರದ ಕಲೆ ಬಿದ್ದಿರುತ್ತಿತ್ತು. ಸ್ಕಾರ್ಫ್ ಬದಲಾದರೂ ಕಲೆ ಮಾತ್ರ ಅಲ್ಲೇ. ಕಿಸೆ ಇಟ್ಟು ಒಂದು ಕುಪ್ಪಸ ಹೊಲಿದುಕೊಡುತ್ತೇನೆ ಎಂದು ನಾನು ಒಮ್ಮೆ ಹೇಳಿದ್ದೆ. "ಕಿಸೇದಾಗ ಇಟ್ಟದ್ದು ಜಲ್ದಿ ಕೈಗೆ ಸಿಗಂಗಿಲ್ಲ, ಬ್ಯಾಡ" ಅಂದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಡೋಣಿ, ಶಿರಹಟ್ಟಿ ಎಂದು ನೌಕರಿ ತಿರುಗಿ ಬಂದು, ಬೆಟಗೇರಿಯ ಕನ್ನಡ ಶಾಲೆಯಲ್ಲಿ ಅವರು ನನಗೆ ನಾಲ್ಕನೇ ಇಯತ್ತೆಗೆ ಕಲಿಸಿದರು. ರಿಟೈರಾದ ಮೇಲೂ ನಮ್ಮ ನೇಕಾರರ ಓಣಿಯ ಕಟ್ಟಕಡೆಯ ಮನೆಯಲ್ಲೇ ಮಗನ ಜೊತೆ ಉಳಿದುಕೊಂಡು, ಸಂಜೆ ಓಣಿಯ ಹುಡುಗರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ನಾನು ಅದೇ ಓಣಿಯಲ್ಲಿ ಸೀರೆಗೆ ಫಾಲು, ಪಿಕೊ ಹಾಕುವ ಅಂಗಡಿ ಇಟ್ಟುಕೊಂಡವಳು. ನನ್ನದು ಜೋರು ಬಾಯಿ, ಸಿಟ್ಟು ಮೂಗಿನ ತುದಿಯಲ್ಲೇ. ಗಿರಾಕಿಯ ಜೊತೆ ನಾನು ಜಗಳ ತೆಗೆದದ್ದು ಕಿವಿಗೆ ಬಿದ್ದರೆ ಅಕ್ಕೋರು ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಎಲ್ಲ ಮುಗಿದ ಮೇಲೆ, "ಈಗ ಆಕಿ ಏನಂದ್ಲು, ಅದನ್ನ ಒಂದ ಸರ್ತಿ ಹೇಳು ನೋಡೂಣು" ಅನ್ನುತ್ತಿದ್ದರು. ಹೇಳಲು ನನಗೆ ಬರುತ್ತಿರಲಿಲ್ಲ. ಆಕೆ ಅಂದದ್ದನ್ನು ನಾನು ಕೇಳಿಸಿಕೊಂಡಿದ್ದರೆ ತಾನೆ!

ಕೆಲವು ವರ್ಷಗಳ ಹಿಂದೆ ನಮ್ಮ ಭಾಗಕ್ಕೊಂದು ಸಲಹಾ ಸಮಿತಿ ಆಯಿತು. ನೀರು, ಬೀದಿದೀಪ, ಗಟಾರ, ಅಂಗನವಾಡಿ ಎಲ್ಲರಿಗೂ ಸಮನಾಗಿ ಮುಟ್ಟುತ್ತವೋ ಇಲ್ಲವೋ, ಯಾವ ಜನ ಹೊರಗುಳಿದಿದ್ದಾರೆ ಎಂದು ನೋಡಿ ಹೇಳುವುದು ಅದರ ಕೆಲಸ. ಹೇಳಬಹುದು ಅಷ್ಟೇ, ಮಾಡಿಸುವ ಅಧಿಕಾರ ಇಲ್ಲ. ನನ್ನ ದೊಡ್ಡಪ್ಪ ಓಣಿಗೆ ಹಿರಿಯ, ಪವರ್‌ಲೂಮಿನ ಧಣಿ. ಅವನು ಅದನ್ನು ಚಹಾ ಸಮಿತಿ ಎಂದೇ ಕರೆಯುತ್ತಿದ್ದ. ಹಾಗೆಂದು ಒಂದು ಸಭೆಯನ್ನೂ ತಪ್ಪಿಸುತ್ತಿರಲಿಲ್ಲ. ಎಲ್ಲರೂ ಸೇರಿ ಅಕ್ಕೋರನ್ನು ಅಧ್ಯಕ್ಷೆ ಮಾಡಿದರು. ಅಕ್ಕೋರು ನನ್ನನ್ನೂ ಎಳೆದು ಒಳಗೆ ಹಾಕಿಕೊಂಡರು. "ನಿನ್ನ ಬಾಯಿ ಗಿರಾಕಿ ಮ್ಯಾಲೆ ಯಾಕ ಖರ್ಚ ಮಾಡ್ತಿ? ಇಲ್ಲಿ ಉಪಯೋಗಕ್ಕ ಬರತೈತಿ" ಅಂದರು.

ಸಮುದಾಯ ಭವನದಲ್ಲಿ ಸಭೆ. ಮಾತಾಡುವವರು ಮುಂದೆ, ಫ್ಯಾನಿನ ಕೆಳಗೆ. ಉಳಿದವರು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಯಾರಾದರೂ ಏಳು ಅಂದರೆ ಏಳಲು ತಯಾರಾದವರಂತೆ. ಮೊದಲ ಸಭೆಯಲ್ಲಿ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಇನ್ನೇನು ಮಾತು ಶುರು ಮಾಡಬೇಕು, ಅಷ್ಟರಲ್ಲಿ ಅಕ್ಕೋರು ಕಿವಿಯ ಮೇಲಿನ ಪೆನ್ನು ತೆಗೆದು ಬಾಗಿಲಿನತ್ತ ತೋರಿಸಿದರು. "ಬಾಗಲ ಕಡೆಯಿಂದ ಬರೂಣ್ರಿ."

ಅಲ್ಲಿ ಕೂತವಳು ಹಳ್ಳದ ಆಚೆಯ ಗುಡಿಸಲುಗಳಿಂದ ಬಂದಿದ್ದ ಹೆಣ್ಣುಮಗಳು. ಮನೆಮನೆಗೆ ಹೋಗಿ ಬಾಚಣಿಕೆಯ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲಿನ ಪಾತ್ರೆ ಕೊಡುವುದು ಅವಳ ಮನೆಯವರ ಉದ್ಯೋಗ. ನಾವೆಲ್ಲ ಅವಳನ್ನು ಪಾತ್ರೆಯವಳು ಅನ್ನುತ್ತಿದ್ದೆವು. ತನ್ನನ್ನಲ್ಲ ಎಂದುಕೊಂಡು ಹಿಂದೆ ತಿರುಗಿ ನೋಡಿದಳು, ಪಾಪ. ಹಿಂದೆ ಗೋಡೆ. ಆ ದಿನ ಒಂದು ದೀಪ ಹತ್ತುತ್ತಿಲ್ಲ ಎಂದಷ್ಟೇ ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆದರೆ ಪದ್ಧತಿ ಉಳಿದುಕೊಂಡಿತು. ಬಾಗಿಲ ಕಡೆಯವರ ಮಾತು ಮುಗಿಯದೆ ಫ್ಯಾನಿನ ಕೆಳಗಿನವರ ಸರದಿ ಬರುತ್ತಿರಲಿಲ್ಲ.

ಇದು ತಿಳಿಯುತ್ತಲೇ ದೊಡ್ಡಪ್ಪ ಮತ್ತು ಅವನ ಗೆಳೆಯರು ಮುಂಚಿತವಾಗಿ ಬಂದು ಬಾಗಿಲ ಹತ್ತಿರವೇ ಒತ್ತಾಗಿ ಕೂತುಬಿಟ್ಟರು! ತಡವಾಗಿ ಬಂದ ಹೆಂಗಸರು ಬೇರೆ ದಾರಿಯಿಲ್ಲದೆ ಫ್ಯಾನಿನ ಕೆಳಗೆ ಕೂರಬೇಕಾಯಿತು. ಅಕ್ಕೋರು ಎರಡೂ ಕಡೆ ನೋಡಿ, ಇವತ್ತು ಹಿರಿಯರಿಗೆ ಗಾಳಿ ಬೇಕಾಗಿದೆ, ಮುಂದಿನ ಸಾಲಿನಿಂದಲೇ ಬರೋಣ ಅಂದರು. ನಾನು ನಕ್ಕ ನಗುವಿಗೆ ದೊಡ್ಡಪ್ಪ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದ.

ಇನ್ನು ನಿಜವಾದ ಸಂಗತಿಗೆ ಬರುತ್ತೇನೆ. ಹಳ್ಳದ ಆಚೆಯವರ ಮಣ್ಣು ಮಾಡುವ ಜಾಗ ಇದ್ದದ್ದು ನಮ್ಮ ಓಣಿ ದಾಟಿ ಆ ತುದಿಗೆ. ದಿನಾ ಅವರು ಓಣಿಯಲ್ಲೇ ಓಡಾಡುತ್ತಿದ್ದರು, ನಮ್ಮ ಕಟ್ಟೆಗಳ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ಆದರೆ ಅವರಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಮಾತ್ರ ಓಣಿಯಲ್ಲಿ ಬರುವಂತಿಲ್ಲ. ಹಳ್ಳಕ್ಕಿಳಿದು, ಮೊಳಕಾಲುದ್ದದ ಗಟಾರದ ನೀರಿನಲ್ಲಿ ಹೊತ್ತುಕೊಂಡು ಸುತ್ತಿ ಹೋಗಬೇಕು. ಈ ಕಟ್ಟಳೆ ಮಾಡಿದವರು ಯಾರು ಎಂದರೆ ಯಾರಿಗೂ ಗೊತ್ತಿಲ್ಲ. ಮೊದಲಿನಿಂದ ಬಂದದ್ದು ಎಂಬ ಒಂದೇ ಉತ್ತರ. ಒಂದು ಮಳೆಗಾಲದಲ್ಲಿ ಹೊರುವವರು ಜಾರಿ ಬಿದ್ದು ಹೆಣ ನೀರಿಗೆ ಬಿದ್ದಿತ್ತು.

ಸಮಿತಿಯಲ್ಲಿ ಈ ಮಾತು ಬಂದಾಗ ದೊಡ್ಡಪ್ಪನೇ ಎದ್ದು ನಿಂತ. ಅವನು ಕೆಟ್ಟವನಲ್ಲ. ಹಳ್ಳದ ಮೇಲೆ ಛಲೋ ಸೇತುವೆ, ನಮ್ಮ ಮಾತಿನಲ್ಲಿ ಪೂಲು, ಕಟ್ಟಿಸೋಣ, ಆಚೆಯಿಂದಲೇ ಅವರಿಗೊಂದು ಸಿಮೆಂಟಿನ ದಾರಿ ಮಾಡಿಸೋಣ, ಸಲಹೆ ಕಳಿಸಿ, ಮಂಜೂರಾಗುವವರೆಗೆ ನಾನೇ ಓಡಾಡುತ್ತೇನೆ ಅಂದ. ಸಭೆಯೆಲ್ಲ ಖುಷಿಯಾಯಿತು. ನನಗೂ ದೊಡ್ಡಪ್ಪನ ಬಗ್ಗೆ ಅಭಿಮಾನ ಉಕ್ಕಿತು. ಪಾತ್ರೆಯವಳು ಕೈಮುಗಿದು, ಅಷ್ಟು ಮಾಡಿದರೆ ಪುಣ್ಯ ಬರುತ್ತದೆ ಅಂದಳು. ಇಷ್ಟರ ಮೇಲೆ ಇನ್ನೇನು ಬೇಕು?

ಅಕ್ಕೋರು ಮಾತ್ರ ಬರೆದುಕೊಳ್ಳಲಿಲ್ಲ. ಪೆನ್ನು ಕಿವಿಯ ಮೇಲೇ ಇತ್ತು. ಪಾತ್ರೆಯವಳ ಕಡೆ ತಿರುಗಿ, "ತಂಗಿ, ನಿನಗ ಏನ ಸಿಗತೈತಿ ಅಂತ ನಾ ಕೇಳಲಿಲ್ಲ. ಏನ ಬೇಕು ಅಂತ ಕೇಳೇನಿ" ಅಂದರು. ಅವಳು ತಲೆ ಬಗ್ಗಿಸಿದಳು. ಅಕ್ಕೋರು ಒತ್ತಾಯ ಮಾಡಲಿಲ್ಲ. ವಿಚಾರ ಮಾಡು, ಮುಂದಿನ ಸಭೆಗೆ ಹೇಳು ಎಂದು ಅಲ್ಲಿಗೇ ನಿಲ್ಲಿಸಿದರು.

ಹೊರಗೆ ಬಂದ ಮೇಲೆ ನಾನು ಅಕ್ಕೋರ ಮೇಲೆ ಹರಿಹಾಯ್ದೆ. ಕೈಗೆ ಬಂದದ್ದನ್ನು ಬಾಯಿಗೆ ಬಾರದಂತೆ ಯಾಕೆ ಮಾಡುತ್ತೀರಿ, ಆ ಜನ ನೀರಿನಲ್ಲಿ ನಡೆಯುವುದಾದರೂ ತಪ್ಪುತ್ತಿತ್ತಲ್ಲ ಎಂದೆ. ಅವರು ನಡೆಯುತ್ತಲೇ ಇದ್ದರು. "ಪೂಲು ಬೇಕ ಬೇಕು, ಅದನ್ನ ನಾ ಬಿಡಂಗಿಲ್ಲ. ಆದ್ರ ದೂರ ಇಡಾಕ ಹಾಕಿದ ರಸ್ತೆ ಎಷ್ಟ ಛಲೋ ಆದ್ರೂ ದೂರಾನ ಇಡತೈತಿ. ಆಮ್ಯಾಲೆ ಯಾರೂ ಮತ್ತ ಆ ಮಾತ ಎತ್ತಂಗಿಲ್ಲ" ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು: ಅವಳು ವಿಚಾರ ಮಾಡಿಯೂ ಪೂಲೇ ಸಾಕು ಅಂದರೆ ನಾನು ಪೂಲನ್ನಷ್ಟೇ ಬರೆಯುತ್ತೇನೆ, ಸತ್ತವರು ಅವರವರು, ನನ್ನ ಹಟಕ್ಕೆ ಅವರನ್ನು ಮುಂದೆ ಮಾಡುವುದಿಲ್ಲ. ಆ ರಾತ್ರಿ ಅವರಿಗೆ ನಿದ್ದೆ ಬಂತೋ ಇಲ್ಲವೋ, ನನಗಂತೂ ಬರಲಿಲ್ಲ.

ಮುಂದಿನ ಸಭೆಗೆ ಪಾತ್ರೆಯವಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಬಾಗಿಲ ಹತ್ತಿರವೇ ಕೂತಳು. ಸರದಿ ಬಂದಾಗ ಎದ್ದು ನಿಂತಳು. ಅವಳ ಅತ್ತೆ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಆ ಮುದುಕಿ ನಮ್ಮ ಓಣಿಯ ಯಾವ ಹೆಂಗಸಿಗೆ ಗೊತ್ತಿಲ್ಲ? ನನ್ನ ಮದುವೆಯ ಕೊಡ ಕೂಡ ಅವಳ ಕೈಯಿಂದಲೇ ಬಂದದ್ದು.

"ನಮ್ಮತ್ತಿ ಹರೇದಾಗಿಂದ ಈ ಓಣ್ಯಾಗ ತಿರುಗ್ಯಾಳ್ರಿ. ಎಲ್ಲಾರ ಕಟ್ಟಿ ಮ್ಯಾಲೂ ಕುಂತಾಳ. ಕಡೀಕ ಆಕೀನ ಇದ ಓಣ್ಯಾಗ ಒಯ್ಯಬೇಕ್ರಿ. ನನಗ ಅದ ಬೇಕು."

ಅಕ್ಕೋರು ಪೆನ್ನು ತೆಗೆದು ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಂಡರು. ದೊಡ್ಡಪ್ಪ ವಿಚಾರ ಮಾಡೋಣ ಎಂದು ಎದ್ದು ಹೋದ.

ಅಲ್ಲಿಂದ ಅಕ್ಕೋರು ಮನೆಮನೆ ತಿರುಗಲು ಶುರು ಮಾಡಿದರು. ಜೊತೆಗೆ ನಾನು. ಭಾಷಣವಿಲ್ಲ, ಕಾನೂನಿನ ಹೆದರಿಕೆಯಿಲ್ಲ. ಆ ಮುದುಕಿ ನಿಮ್ಮ ಕಟ್ಟೆಯ ಮೇಲೆ ಕೂತಿದ್ದಾಳೋ ಇಲ್ಲವೋ ಎಂದು ಕೇಳುವುದು. ಕೂತಿದ್ದಾಳೆ ಎಂದು ಎಲ್ಲರೂ ಒಪ್ಪುವುದು. ಹಾಗಾದರೆ ಒಮ್ಮೆ ಮುಂದೆ ಹಾದುಹೋದರೆ ಏನಾಗುತ್ತದೆ ಎಂದು ಕೇಳಿ ಸುಮ್ಮನೆ ಕೂರುವುದು. ಕೆಲವರು ಚಹಾ ಕೊಟ್ಟು ಮಾತು ತೇಲಿಸಿದರು. ಒಂದು ಮನೆಯಲ್ಲಿ, ಮುಸಲ್ಮಾನರ ಹೆಣ್ಣುಮಗಳಾಗಿ ನಮ್ಮ ಓಣಿಯ ಪದ್ಧತಿ ನಿನಗ್ಯಾಕೆ ಅಂದರು. ನನ್ನ ಮೈಯೆಲ್ಲ ಉರಿಯಿತು, ಬಾಯಿ ತೆಗೆಯುವಷ್ಟರಲ್ಲಿ ಅಕ್ಕೋರು ನನ್ನ ಮೊಳಕೈ ಹಿಡಿದರು. "ಖರೆ ಐತ್ರಿ. ಆದ್ರ ನಿಮ್ಮ ಮೂರೂ ಮಕ್ಕಳಿಗೆ ಅಕ್ಷರ ಕಲಿಸುಮುಂದ ನಾ ಅದನ್ನ ವಿಚಾರ ಮಾಡಿರಲಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿದರು. ಅಕ್ಕೋರ ಮಂದಿಯ ಹಿರಿಯರೂ ಬಂದು, ಬೇರೆಯವರ ವ್ಯವಹಾರಕ್ಕೆ ಕೈಹಾಕಬೇಡಿ, ನಾಳೆ ನಮಗೆ ತೊಂದರೆ ಎಂದು ಮಗನಿಗೆ ಹೇಳಿ ಹೋದರು. ಸಂಜೆಯ ಪಾಠಕ್ಕೆ ಬರುವ ಹುಡುಗರು ಅರ್ಧಕ್ಕರ್ಧ ನಿಂತರು. ಖಾಲಿ ಚಾಪೆ ನೋಡಿ ನನಗೆ ಅಳು ಬಂದರೆ, ಇವರು ಉಳಿದವರಿಗೆ ಮಗ್ಗಿ ಹೇಳಿಸುತ್ತಿದ್ದರು.

ಮುದುಕಿ ತೀರಿಕೊಂಡದ್ದು ಹಳ್ಳ ತುಂಬಿ ಹರಿಯುತ್ತಿದ್ದ ಒಂದು ಬೆಳಿಗ್ಗೆ. ಅಕ್ಕೋರು ಅಂಗಡಿಗೆ ಬಂದು, ಶಟರ್ ಎಳೆದು ಬಾ ಅಂದರು. ಹೇಗೋ ಹಳ್ಳ ದಾಟಿ ಬಂದ ಹೆಣ ಹೊತ್ತವರು ಓಣಿಯ ಬಾಯಿಯಲ್ಲಿ ನಿಂತುಬಿಟ್ಟಿದ್ದರು. ಹಿಂದೆ ನೀರು, ಮುಂದೆ ನಾವು. ಹಲಗೆ ಬಾರಿಸುವವನ ಕೈ ಕೂಡ ನಿಂತಿತ್ತು. ಪಾತ್ರೆಯವಳು ಅಕ್ಕೋರ ಮುಖ ನೋಡುತ್ತಿದ್ದಳು. ಮೊದಲ ಮನೆಯ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ.

ಅಕ್ಕೋರು ಅವನ ಮುಂದೆ ನಿಂತರು. "ನಿಮಗ ಏಳ್ರಿ ಅನ್ನಂಗಿಲ್ಲ, ಹೊರ್ರಿ ಅನ್ನಂಗಿಲ್ಲ. ನಾ ಮುಂದ ನಡೀತೀನಿ. ಬಾಗಲಾ ಅಷ್ಟ ಹಾಕಬ್ಯಾಡ್ರಿ." ಅಷ್ಟು ಹೇಳಿ, ಸೆರಗು ಬಿಗಿದು, ಓಣಿಯ ನಟ್ಟನಡುವೆ ನಡೆಯಲು ಶುರು ಮಾಡಿದರು. ನಾನು ಅವರ ಪಕ್ಕ. ಹಿಂದೆ ಹೆಣ ಬರುತ್ತಿದೆಯೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ನಮ್ಮವರು ಯಾರಾದರೂ ಸತ್ತು ಓಣಿಯಲ್ಲಿ ಹೋಗುವಾಗ ಮಗ್ಗ ನಿಲ್ಲಿಸುವುದು ಪದ್ಧತಿ. ಆ ದಿನ ಎಲ್ಲ ಮನೆಗಳಲ್ಲೂ ಮಗ್ಗ ಓಡುತ್ತಲೇ ಇದ್ದವು. ಬೇಕೆಂದೇ ಜೋರಾಗಿ ಓಡುತ್ತಿವೆ ಎಂದು ನನಗೆ ಅನ್ನಿಸಿತು. ಆ ಸದ್ದಿನಲ್ಲಿ ಹಲಗೆ ಕೇಳಿಸಲಿಲ್ಲ, ಪಾತ್ರೆಯವಳ ಅಳು ಕೇಳಿಸಲಿಲ್ಲ. ನಾಲ್ಕು ಮನೆ ದಾಟಿರಬೇಕು, ಹಿಂದಿನಿಂದ ದೊಡ್ಡಪ್ಪ ಮನೆಯೊಳಕ್ಕೆ ಕೂಗಿದ್ದು ಕೇಳಿಸಿತು. "ಮಗ್ಗ ನಿಂದ್ರಸ್ರಿ! ಮುದುಕಿ ಹೊಂಟಾಳ."

ಅವನ ಮಗ್ಗ ನಿಂತಿತು. ಪಕ್ಕದ ಮನೆಯದು ನಿಂತಿತು. ಎದುರಿನದು. ಹಾಗೇ ಒಂದೊಂದಾಗಿ ನಿಲ್ಲುತ್ತ ಬಂದು, ಕಡೆಗೆ ಹಲಗೆಯ ಸದ್ದು ಓಣಿಯ ತುಂಬ ಕೇಳಿಸಿತು. ಅಕ್ಕೋರು ಅಳುತ್ತಿದ್ದರು, ನಡಿಗೆ ಮಾತ್ರ ನಿಧಾನ ಮಾಡಲಿಲ್ಲ. ಒಂದು ಮನೆಯ ಮಗ್ಗ ಕೊನೆಯವರೆಗೂ ನಿಲ್ಲಲಿಲ್ಲ. ಆ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ. ಅಕ್ಕೋರು ಹಬ್ಬಕ್ಕೊಮ್ಮೆ ಅವರ ಬಾಗಿಲಿಗೆ ಹೋಗಿ, ಹೆಂಗದೀರಿ ಎಂದು ಕೇಳಿ, ಉತ್ತರ ಬಾರದೆ ಹಿಂತಿರುಗುತ್ತಿದ್ದರು.

ಪೂಲಿನ ಬೆನ್ನನ್ನೂ ಬಿಡಲಿಲ್ಲ. ಅರ್ಜಿಯ ಮೇಲೆ ಅರ್ಜಿ, ದೊಡ್ಡಪ್ಪ ಕೊಟ್ಟ ಮಾತಿನಂತೆ ಓಡಾಡಿದ. ಈಗ ಹಳ್ಳದ ಮೇಲೆ ಪೂಲು ಇದೆ, ಮಕ್ಕಳು ಅದರ ಮೇಲಿಂದಲೇ ಶಾಲೆಗೆ ಬರುತ್ತಾರೆ. ಪಾಠದ ಚಾಪೆಯೂ ಮತ್ತೆ ತುಂಬಿತು.

ಹೋದ ಚಳಿಗಾಲದಲ್ಲಿ ಅಕ್ಕೋರು ಹೋದರು. ಎದೆನೋವು ಎಂದವರು ಗದುಗಿನ ದವಾಖಾನೆ ಮುಟ್ಟುವಷ್ಟರಲ್ಲಿ ಇರಲಿಲ್ಲ. ಲಕ್ಷ್ಮೇಶ್ವರದಲ್ಲಿ ಅವರ ಅಪ್ಪನ ಪಕ್ಕದಲ್ಲೇ ಮಣ್ಣು ಕೊಡುವುದು ಎಂದಾಯಿತು. ಗಾಡಿ ದೊಡ್ಡ ರಸ್ತೆಗೆ ಬಂದು ನಿಂತಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಲ್ಲಿರಬೇಕು ಎಂದು ಮಗ ಅವಸರ ಮಾಡುತ್ತಿದ್ದ. ಆಗ ಪಾತ್ರೆಯವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹಿಂದೆ ಅವರ ಗುಡಿಸಲುಗಳವರೆಲ್ಲ.

"ನಮ್ಮ ಮನಿಗಳ ಮುಂದ ಹಾಯ್ಸಿ ಒಯ್ರಿ" ಅಂದಳು. "ಓಣ್ಯಾಗಿನವರು ಯಾರೂ ನಮ್ಮ ಕಡೆ ಹಂಗ ಹೋಗಿಲ್ರಿ."

ಮಗ ಗಡಿಯಾರ ನೋಡಲಿಲ್ಲ. ಗಾಡಿಯನ್ನು ಸುತ್ತಿಸಿ ಪೂಲಿನ ಆಚೆ ನಿಲ್ಲಿಸಲು ಹೇಳಿದ. ಮಗನ ಕಡೆಯವರು, ನಮ್ಮ ನೇಕಾರರು, ಪಾತ್ರೆಯವಳ ಗಂಡ ಹೆಗಲು ಬದಲಿಸುತ್ತ ಅಕ್ಕೋರನ್ನು ಹೊತ್ತು ಗುಡಿಸಲುಗಳ ನಡುವೆ ನಡೆದರು. ಮೊಳಕಾಲು ನೋವಿನ ದೊಡ್ಡಪ್ಪ ಕೋಲೂರುತ್ತ ಹಿಂದೆ ಬಂದ.

ಗಾಡಿ ಹೋದ ಮೇಲೆ ನಾವಿಬ್ಬರೇ ಪೂಲಿನ ಮೇಲೆ ಉಳಿದೆವು. ಅವಳು ಮೂಗು ಒರೆಸಿಕೊಂಡು, ದೊಡ್ಡಪ್ಪ ಆ ದಿನ ದಾರಿ ಬಿಟ್ಟದ್ದು ಅಕ್ಕೋರ ಮುಖ ನೋಡಿಯಲ್ಲವೇ, ಇನ್ನು ಮುಂದೆ ನಮ್ಮವರು ಯಾರಾದರೂ ಸತ್ತರೆ ಏನು ಗತಿ ಎಂದು ಕೇಳಿದಳು. ಸಮಿತಿಯಲ್ಲಿ ಅಕ್ಕೋರ ಜಾಗಕ್ಕೆ ನನ್ನನ್ನೇ ಕೂರಿಸುತ್ತಾರೆ ಎಂದು ಗೊತ್ತಿತ್ತು, ಅವರ ತಾಳ್ಮೆಯಲ್ಲಿ ಕಾಲು ಭಾಗವೂ ನನಗಿಲ್ಲ ಎಂದೂ ಗೊತ್ತಿತ್ತು. ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಅವಳಿಗೆ ಹೇಳಿದೆ:

"ಐತವಾರ ಸಭಾ ಐತಿ. ಇದನ್ನ ಮೊದಲ ನೀನ ಕೇಳು. ಎಲ್ಲಾರೂ ಉತ್ತರಾ ಹೇಳೂತನಕ ನಾ ಯಾರನ್ನೂ ಎದ್ದ ಹೋಗಾಕ ಬಿಡಂಗಿಲ್ಲ."