ಅಣ್ಣನ ಪಾಲಿನ ಸಾರು

ನಮ್ಮ ಮನೆಯಲ್ಲಿ ಅಣ್ಣನೊಬ್ಬನನ್ನು ಬಿಟ್ಟರೆ ಮಿಕ್ಕವರೆಲ್ಲ ವೈದ್ಯರೇ. ಅಣ್ಣ ಮಾತ್ರ ರೋಗಿ. ಬೆಳಗ್ಗೆ ಪೇಟೆಯ ನಮ್ಮ ಅಂಗಡಿಯಲ್ಲಿ ಒಂದಿಷ್ಟು ಹೊತ್ತು ಕೂತು, ಮಧ್ಯಾಹ್ನವಾಗುತ್ತಿದ್ದಂತೆ ಸರಕು ನೋಡಿ ಬರುತ್ತೇನೆಂದು ಉಪ್ಪಾರಪೇಟೆಯ ಕಡೆ ಹೊರಡುತ್ತಿದ್ದ. ಅಲ್ಲಿ ಒಂದು ಲಾಡ್ಜಿನ ಕೆಳಗಿರುವ ಬಾರಿನಲ್ಲಿ ಅವನು ಯಾವ ಸರಕು ನೋಡುತ್ತಾನೆಂಬುದು ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಗೊತ್ತಿತ್ತು.

ನಮ್ಮದು ತಲೆಮಾರುಗಳಿಂದ ಬಂದ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಪೂಜೆ ಸಾಮಾನು ಮಾರುತ್ತೇವೆ. ಊರವರ ಕೆಮ್ಮಿಗೂ ಮೂಲವ್ಯಾಧಿಗೂ ಪೊಟ್ಟಣ ಕಟ್ಟಿಕೊಟ್ಟ ಮನೆತನದವನು ಹೀಗೆ ಕುಡಿದು ತಿರುಗಿದರೆ ವ್ಯಾಪಾರದ ಮರ್ಯಾದೆ ಏನಾಗಬೇಕು ಎಂದು ಅಂಗಡಿ ನಡೆಸುವ ಚಿಕ್ಕಪ್ಪ ಕೊರಗುತ್ತಿದ್ದರು. ಅಣ್ಣ ಏನಾಗಬೇಕು ಎಂದು ಕೊರಗುವ ಕೆಲಸವನ್ನು ಅಮ್ಮನಿಗೆ ಬಿಟ್ಟಿದ್ದೆವು. ಅಪ್ಪ ಹೋದ ಮೇಲೆ ಅವಳಿಗೆ ಬೇರೆ ಕೆಲಸವಾದರೂ ಏನಿತ್ತು, ಮೂರು ಹೊತ್ತಿನ ಅಡುಗೆ ಒಂದನ್ನು ಬಿಟ್ಟು.

ಚಿಕ್ಕಪ್ಪನಿಗೆ ಅಷ್ಟರಲ್ಲಿ ವಾಟ್ಸಾಪಿನಲ್ಲಿ ಜ್ಞಾನೋದಯವಾಯಿತು. ಹೊರದೇಶಗಳಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಅಮಲೇರಿಸುವ ಅಣಬೆ, ಕಾಡುಬಳ್ಳಿಗಳನ್ನು ಕೊಟ್ಟು ಕುಡಿತ ಬಿಡಿಸಬಹುದೇ ಎಂದು ಪರೀಕ್ಷೆ ಮಾಡುತ್ತಿದ್ದಾರಂತೆ, ಮನಸ್ಸಿನ ಕಾಯಿಲೆಗೂ ಅದನ್ನೇ ಕೊಟ್ಟು ನೋಡುತ್ತಿದ್ದಾರಂತೆ. ಓದಿ ಮುಗಿಸುವ ಮೊದಲೇ ಚಿಕ್ಕಪ್ಪ ಫೋನು ಹಿಡಿದುಕೊಂಡು ಮನೆಗೆ ಬಂದಿದ್ದರು.

“ನೋಡಿದ್ಯಾ? ಅವ್ರು ಈಗ ಅಣಬೆ ಹಿಡ್ಕೊಂಡು ಕೂತಿದಾರೆ. ನಮ್ಮ ಶಿವ ಯಾವ ಕಾಲದಲ್ಲೋ ಉಮ್ಮತ್ತಿ ಹೂ ಮುಡ್ಕೊಂಡು ಕೂತ್ಬಿಟ್ಟಿದಾನೆ!”

ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕುಡಿತ ಬಿಡಿಸುತ್ತಾರೆ, ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದೆ.

“ಹುಚ್ಚಾಸ್ಪತ್ರೆಗಾ? ಜನ ಏನಂತಾರೆ?” ಎಂದರು ಚಿಕ್ಕಪ್ಪ. ಅಣ್ಣ ಹಾಡುಹಗಲೇ ಗೋಡೆ ಹಿಡಿದುಕೊಂಡು ಬರುವಾಗ ಜನ ಏನೂ ಅಂದಿರಲಿಲ್ಲವೆಂದು ಕಾಣುತ್ತದೆ.

ಕೆಲವು ದಿನಗಳಲ್ಲಿ ಒಂದು ಕಂದು ಪುಡಿಯ ಪೊಟ್ಟಣ ಬಂತು. ಯಾರೋ ಪಂಡಿತರು ಕೊಟ್ಟದ್ದು. ಇದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ಗಂಭೀರವಾಗಿ “ಮೂಲಿಕೆ” ಎಂದರು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ಕೂತಿರುವ ನನಗೆ ಆ ಉತ್ತರ ಸಾಕಾಯಿತು. ಮಲ್ಲೇಶ್ವರದ ನನ್ನ ಕಾಲೇಜಿಗೆ ಗೊತ್ತಾದರೆ ಪದವಿ ವಾಪಸು ಕೇಳಿಯಾರು.

ಪುಡಿಗೆ ಇದ್ದದ್ದು ಒಂದೇ ಪಥ್ಯ. ಮಧ್ಯಾಹ್ನದ ಸಾರಿನಲ್ಲಿ ಬೆರೆಸಿ ಕೊಡಬೇಕು, ತಿನ್ನುವವನಿಗೆ ಗೊತ್ತಾಗಬಾರದು. ಇದೇ ಕೆಲಸವನ್ನು ಬೇರೆ ಯಾರ ಮನೆಯ ಹೆಂಗಸಾದರೂ ಮಾಡಿದ್ದರೆ ಕೈಮದ್ದು ಹಾಕಿದಳೆಂದು ನಾವೇ ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದೆವು. ನಾವು ಹಾಕಿದ್ದರಿಂದ ಅದು ಔಷಧಿಯಾಯಿತು.

ಅಮ್ಮನಿಗೆ ಮಾತ್ರ ಒಂದು ಅನುಮಾನ. “ಕುಡೀದೇ ಇರೋರು ಅಪ್ಪಿತಪ್ಪಿ ತಿಂದ್ಬಿಟ್ರೆ ಏನಾಗತ್ತಪ್ಪಾ?”

“ಏನೂ ಆಗಲ್ಲ ಅತ್ತಿಗೆ. ಅದು ಒಳಗೋಗಿ ಹೆಂಡ ಎಲ್ಲಿದೆ ಅಂತ ಹುಡುಕತ್ತೆ. ಇಲ್ದಿದ್ರೆ ತನ್ನ ಪಾಡಿಗೆ ಹೊರಟೋಗತ್ತೆ.”

ಪೊಲೀಸರಿಗೂ ಇಲ್ಲದ ಶಿಸ್ತು ಆ ಪುಡಿಗಿತ್ತು.

ಅಂದಿನಿಂದ ಅಮ್ಮ ಅಣ್ಣನ ಪಾಲಿನ ಸಾರನ್ನು ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಗೆ ತೆಗೆದು, ಪುಡಿ ಬೆರೆಸಿ ಇಡತೊಡಗಿದಳು. ಈ ಏರ್ಪಾಡಿನಲ್ಲಿ ಒಂದೇ ಒಂದು ಕೊರತೆ. ಅಣ್ಣ ಊಟಕ್ಕೆ ಬರುತ್ತಿರಲಿಲ್ಲ. ಆದರೂ ಪುಡಿ ಖಾಲಿಯಾಗುತ್ತಿತ್ತು. ಚಿಕ್ಕಪ್ಪ “ಮೈಗೆ ಹಿಡೀತಿದೆ, ಮೈಗೆ ಹಿಡೀತಿದೆ” ಎಂದು ಇನ್ನೊಂದು ಪೊಟ್ಟಣ ತಂದರು. ಯಾರ ಮೈಗೆ ಎಂದು ನಾವ್ಯಾರೂ ಕೇಳಲಿಲ್ಲ.

ಅಮ್ಮ ರಾತ್ರಿ ಮಲಗುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯವೇ. ಗೇಟಿನ ಸದ್ದಾದರೆ ಎದ್ದು ಕೂರುತ್ತಿದ್ದಳು, ಸದ್ದಾಗದಿದ್ದರೂ ಎದ್ದು ಕೂರುತ್ತಿದ್ದಳು. ಒಬ್ಬೊಬ್ಬರಿಗೆ ಬೇಗ ಏಳುವ ಅಭ್ಯಾಸ ಇರುವಂತೆ ಅಮ್ಮನಿಗೆ ಮಲಗದಿರುವ ಅಭ್ಯಾಸ ಎಂದುಕೊಂಡಿದ್ದೆವು. ಅವಳು ನಗುವುದನ್ನು ಬಿಟ್ಟದ್ದಕ್ಕೆ ವಯಸ್ಸು ಎಂದೆವು, ಬೀದಿಗೆ ಇಳಿಯುವುದನ್ನು ಬಿಟ್ಟದ್ದಕ್ಕೆ ಮಂಡಿನೋವು ಎಂದೆವು. ಅಂಥವಳು ಈಗ ಮಧ್ಯಾಹ್ನ ಗಾಢವಾಗಿ ಮಲಗತೊಡಗಿದಳು. ಎದ್ದ ಮೇಲೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಪೇಪರು ಓದಲು ಕೈ ಪೂರ್ತಿ ಚಾಚಿದರೂ ಅಕ್ಷರ ಕಾಣದು ಎಂದಳು. ನಾನು ಜವಾಬ್ದಾರಿಯುತ ಮಗಳಾದ್ದರಿಂದ ತಕ್ಷಣ ಅವಳನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಹೊಸ ಕನ್ನಡಕ ಮಾಡಿಸಿಕೊಟ್ಟೆ.

ಒಂದು ಸಂಜೆ ನಾನು ಬ್ಯಾಂಕಿನಿಂದ ಬಂದಾಗ ದೇವರ ಮುಂದೆ ದೀಪ ಹಚ್ಚಿರಲಿಲ್ಲ. ಹಾಲಿನಲ್ಲಿ ಅಣ್ಣ ನಿಂತಿದ್ದ. ಅಪರೂಪಕ್ಕೆ ಅಂದು ನೆಟ್ಟಗೆ ನಿಂತಿದ್ದ. ಅಮ್ಮ ನೆಲದ ಮೇಲೆ ಕೂತು, ಖಾಲಿ ಮಡಿಲಿನಲ್ಲಿ ಇಲ್ಲದ ಅವರೆಕಾಯಿಯನ್ನು ಒಂದೊಂದಾಗಿ ಸುಲಿಯುತ್ತಿದ್ದಳು. ಕಣ್ಣಿನ ಪಾಪೆ ಅಗಲವಾಗಿ ಹರಡಿ ಕಣ್ಣೆಲ್ಲ ಕಪ್ಪಾಗಿತ್ತು.

ತಲೆಯೆತ್ತಿ ಅಣ್ಣನನ್ನು ನೋಡಿ, “ಯಾರಪ್ಪಾ ನೀವು? ಈಗ ಹೊರಡಿ. ನನ್ ಮಗ ಬರೋ ಹೊತ್ತಾಯ್ತು. ಅವ್ನು ಬರೋದನ್ನ ನೀವು ನೋಡೋದು ಬೇಡ” ಎಂದಳು.

“ಅಮ್ಮಾ, ನಾನೇ ಕಣಮ್ಮ.”

“ಇಲ್ಲ, ಅವ್ನು ಇಷ್ಟು ಬೇಗ ಬರಲ್ಲ” ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅಣ್ಣನೇ ಅವಳನ್ನು ಎತ್ತಿಕೊಂಡು ಆಟೋಗೆ ಓಡಿದ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರು ಏನು ತಿಂದಿದ್ದರು ಎಂದು ಆಕೆ ಕೇಳಿದಾಗಲೇ ಅಣ್ಣ ಉಣ್ಣದ ಸಾರು ಯಾರ ಹೊಟ್ಟೆಗೆ ಹೋಗುತ್ತಿತ್ತೆಂದು ನನಗೆ ಹೊಳೆದದ್ದು. ಮನೆಯಿಂದ ಪುಡಿ ತಂದು ತೋರಿಸಿದೆ. ಉಮ್ಮತ್ತಿಯ ಬೀಜ ಬೆರೆತಿರುವ ಹಾಗಿದೆ, ಈ ವಯಸ್ಸಿನಲ್ಲಿ ಜೀವವೇ ಹೋಗಬಹುದಿತ್ತು ಎಂದರು. ಅಷ್ಟಾದರೂ, ಸುದ್ದಿ ತಿಳಿದು ಓಡಿಬಂದಿದ್ದ ಚಿಕ್ಕಪ್ಪ ಸುಮ್ಮನಿರಲಿಲ್ಲ. ಫೋನು ತೆಗೆದು ಹೊರದೇಶದ ಅಣಬೆಯನ್ನು ಅವರ ಮುಂದೆ ಹಿಡಿದರು.

“ಸಂಶೋಧನೆ ನಡೀತಿರೋದು ನಿಜ ಸರ್. ಎಷ್ಟರ ಮಟ್ಟಿಗೆ ಕೆಲಸ ಮಾಡತ್ತೋ ಇನ್ನೂ ನೋಡ್ತಿದಾರೆ,” ಎಂದರು ಆಕೆ. “ಆದ್ರೆ ಅಲ್ಲಿ ತಗೊಳ್ಳೋರಿಗೆ ತಾವು ಏನು ತಗೋತಿದೀವಿ ಅಂತ ಗೊತ್ತಿರತ್ತೆ. ಅಳೆದು ಕೊಡ್ತಾರೆ. ಅಮಲು ಇಳಿಯೋವರ್ಗೂ ಪಕ್ಕದಲ್ಲಿ ಒಬ್ರು ಕೂತಿರ್ತಾರೆ. ನಿಮ್ಮನೇಲಿ ಇವ್ರ ಪಕ್ಕ ಯಾರು ಕೂತಿದ್ರು?”

ನಮ್ಮ ಮನೆಯ ವೈದ್ಯರಲ್ಲಿ ಹಿರಿಯರಾದ ಚಿಕ್ಕಪ್ಪ ಫೋನನ್ನು ಜೇಬಿಗೆ ಇಳಿಸಿದರು.

ಅಮ್ಮನಿಗೆ ಬುದ್ಧಿ ತಿಳಿಯಾದ ಮೇಲೆ ಡಾಕ್ಟರು ಮಂಚದ ಪಕ್ಕ ಕೂತು, ಮಗನಿಗೆ ಬೆರೆಸಿದ್ದನ್ನು ನೀವೇಕೆ ತಿಂದಿರಿ ಎಂದು ಮೆಲ್ಲಗೆ ಕೇಳಿದರು. ಅಣ್ಣನೂ ನಾನೂ ಅಲ್ಲೇ ಇದ್ದೆವು.

“ಸಾರು ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ. ಕುಡೀದೇ ಇರೋರಿಗೆ ಏನೂ ಆಗಲ್ಲ ಅಂದಿದ್ರು.”

“ಅದು ಮೊದಲನೇ ಸಲ. ಆಮೇಲೆ?”

ಅಮ್ಮ ಅಣ್ಣನ ಕಡೆ ನೋಡಲಿಲ್ಲ. ಹೊದಿಕೆಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಹೇಳಿದಳು. “ನಿದ್ದೆ ಬಂತು ಡಾಕ್ಟ್ರೇ. ಇವ್ನು ಕುಡಿಯೋಕ್ ಶುರು ಮಾಡಿದಾಗಿಂದ ಅಂಥ ನಿದ್ದೆ ಬಂದಿರ್ಲಿಲ್ಲ. ಬರ್ತಾ ಬರ್ತಾ ಏನಾಗೋಯ್ತು ಅಂದ್ರೆ, ಇವತ್ತು ಇವ್ನು ಊಟಕ್ಕೆ ಬರದೇ ಇದ್ರೆ ಸಾಕಪ್ಪಾ ಅಂತ ಅನ್ಸೋದು.”

ಅಣ್ಣ ಹೊರಗೆ ಹೋದ. ನಾನೂ ಹಿಂದೆಯೇ ಹೋದೆ, ಉಪ್ಪಾರಪೇಟೆಗೇ ಹೊರಟನೆಂದುಕೊಂಡು. ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ.

ಈಗ ಇಬ್ಬರೂ ಅದೇ ಆಸ್ಪತ್ರೆಗೆ ಹೋಗುತ್ತಾರೆ, ಚಿಕ್ಕಪ್ಪ ಹೆದರಿದ್ದ ವಿಭಾಗಕ್ಕೇ. ಅಮ್ಮನಿಗಿದ್ದದ್ದು ಅಭ್ಯಾಸವಲ್ಲ, ಖಿನ್ನತೆ ಎಂದು ಅಲ್ಲಿ ಹೇಳಿದರು. ಮಾತ್ರೆ ತೆಗೆದುಕೊಳ್ಳುತ್ತಾಳೆ, ರಾತ್ರಿ ಅಷ್ಟಿಷ್ಟು ಮಲಗುತ್ತಾಳೆ. ಅಣ್ಣ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟಿದ್ದಾನೆ. ಚಿಕ್ಕಪ್ಪ ಮಾತ್ರ ನೆಂಟರ ಮುಂದೆ, ಎಲ್ಲ ಆ ಪುಡಿಯ ಮಹಿಮೆ, ಸ್ವಲ್ಪ ಸುತ್ತುಹಾಕಿ ಕೆಲಸ ಮಾಡಿತು ಅಷ್ಟೇ ಎನ್ನುತ್ತಾರೆ.

ಮಧ್ಯಾಹ್ನ ಅಣ್ಣ ಮನೆಗೆ ಬಂದರೆ ಅಮ್ಮ ನಮ್ಮೆಲ್ಲರ ಪಾತ್ರೆಯಿಂದಲೇ ಬಡಿಸಿ, ಅವನು ಉಂಡು ಏಳುವವರೆಗೂ ಪಕ್ಕದಲ್ಲಿ ಕೂತಿರುತ್ತಾಳೆ. ಬರದ ದಿನಗಳೂ ಇವೆ. ಜೀವಮಾನದಲ್ಲಿ ಒಂದು ಅಗುಳನ್ನೂ ಎಸೆಯದ ಅಮ್ಮ, ಆ ದಿನಗಳಲ್ಲಿ ಏನೂ ಬೆರೆಸದಿದ್ದರೂ ಅವನ ಪಾಲಿನ ಸಾರನ್ನು ಹಿತ್ತಲಿಗೆ ಒಯ್ದು ಚೆಲ್ಲಿ ಬರುತ್ತಾಳೆ.