ಕಾಂಪೌಂಡರ್ ಅಂಕಯ್ಯನವರ ಕೆಲಸ ಹೋದದ್ದು

ಹುಣಸೂರಿನ ಬಜಾರಿನಲ್ಲಿದ್ದ ಆ ಚಿಕ್ಕ ದವಾಖಾನೆಯಲ್ಲಿ ಅಂಕಯ್ಯನವರು ಇಪ್ಪತ್ತಾರು ವರ್ಷ ಕಾಂಪೌಂಡರ್ ಆಗಿದ್ದರು. ಮೊದಲು ದೊಡ್ಡ ಡಾಕ್ಟರ ಕೈಕೆಳಗೆ, ಅವರು ತೀರಿಕೊಂಡ ಮೇಲೆ ಅವರ ಮಗಳು ಡಾಕ್ಟರ್ ಸರ್ವಮಂಗಳ ಅವರ ಕೈಕೆಳಗೆ. ಒಂದು ಕಾಲಕ್ಕೆ ತಮ್ಮ ಹೆಗಲೇರಿ ಕೂರುತ್ತಿದ್ದ ಹುಡುಗಿಯನ್ನು ‘ಅಮ್ಮಾವ್ರೆ’ ಅನ್ನುವುದಕ್ಕೆ ಅಂಕಯ್ಯನವರ ನಾಲಿಗೆ ಒಂದು ದಿನವೂ ತಡವರಿಸಲಿಲ್ಲ. ಆಕೆಯೂ ಅವರನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವರಲ್ಲ.

ಅಂಕಯ್ಯನವರದು ಮೆತ್ತನೆಯ ಮನಸ್ಸು. ಸೂಜಿ ಚುಚ್ಚಿಸಿಕೊಂಡ ಮಗು ಅತ್ತರೆ ಇವರ ಕಣ್ಣೂ ಒದ್ದೆಯಾಗುತ್ತಿತ್ತು. ಹಳ್ಳಿಯಿಂದ ಬಂದವರು ಡಾಕ್ಟರಿಗೆ ಹೇಳಲು ಹೆದರುವುದನ್ನೆಲ್ಲ ಔಷಧಿ ಕೋಣೆಯ ಕಿಟಕಿಯಲ್ಲಿ ಇವರಿಗೆ ಹೇಳಿಕೊಂಡು ಹಗುರಾಗುತ್ತಿದ್ದರು.

ಅರವತ್ತೊಂಬತ್ತನೆಯ ಇಸವಿಯ ಮಳೆಗಾಲದಲ್ಲಿ ಹನಗೋಡಿನ ಆಚೆಯ ಕಾಡಂಚಿನ ಹಾಡಿಯಿಂದ ಕೇತಿ ಎಂಬ ಹೆಂಗಸು ಕೆಮ್ಮುತ್ತಾ ಬಂದಳು. ಕ್ಷಯ. ಒಂದು ವರ್ಷ ಬಿಡದೆ ಔಷಧಿ ನುಂಗಬೇಕೆಂದು ಸರ್ವಮಂಗಳ ಹೇಳಿದರು. ದಿನಕ್ಕೆ ಎರಡು ಪೊಟ್ಟಣ, ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಹದಿನೈದು ದಿನಕ್ಕೊಮ್ಮೆ ಅವನ್ನು ಕಟ್ಟಿಕೊಡುವ ಕೆಲಸ ಅಂಕಯ್ಯನವರದು.

ಎರಡನೆಯ ತಿಂಗಳು ಕೇತಿ ಕಿಟಕಿಗೆ ಒರಗಿ, “ಅಯ್ಯಾ, ಪುಡಿ ನುಂಗಿದ್ರೆ ಕರುಳೇ ಕಿತ್ತು ಬರಂಗೆ ವಾಂತಿ” ಅಂದಳು. ಅಂಕಯ್ಯನವರು ಅವಳ ಎದ್ದು ಕಾಣುವ ಕೊರಳ ಮೂಳೆ ನೋಡಿ, “ಇನ್ಮೇಲೆ ಸಂಜೇದು ಬೇಡ ಕಣವ್ವ, ಒಂದೇ ಸಾಕು. ಅಮ್ಮಾವ್ರೇ ಹೇಳವ್ರೆ” ಅಂದುಬಿಟ್ಟರು. ಅಮ್ಮಾವ್ರು ಹೇಳಿರಲಿಲ್ಲ. ಕೇಳಿದರೆ ಒಪ್ಪುವುದಿಲ್ಲವೆಂದು ಗೊತ್ತಿದ್ದರಿಂದಲೇ ಅವರು ಕೇಳಲಿಲ್ಲ. ಕೇತಿಯ ಚೀಟಿಯಲ್ಲಿ ಮಾತ್ರ ಎರಡೂ ಪೊಟ್ಟಣ ಕೊಟ್ಟದ್ದಾಗಿ ಬರೆಯುತ್ತಾ ಹೋದರು. ಉಳಿದ ಪುಡಿಯನ್ನು ಒಂದು ಡಬ್ಬಿಯಲ್ಲಿ ತುಂಬಿಟ್ಟರು.

ವಾಂತಿ ನಿಂತಿತು. ಆದರೆ ಚಳಿಗಾಲದ ಹೊತ್ತಿಗೆ ಕೇತಿಯ ಕಫದಲ್ಲಿ ರಕ್ತ ಕಾಣಿಸಿತು. ಸರ್ವಮಂಗಳ ಚೀಟಿಯನ್ನು ತಿರುತಿರುಗಿ ನೋಡಿದರು. ಇಷ್ಟು ಔಷಧಿಗೂ ಬಗ್ಗದ ರೋಗವಾದರೆ ಮೈಸೂರಿಗೇ ಕಳಿಸಬೇಕು ಅಂದುಕೊಳ್ಳುತ್ತಾ, “ದಿನಕ್ಕೆ ಎಷ್ಟು ನುಂಗ್ತೀಯಮ್ಮ?” ಅಂತ ಕೇಳಿದರು.

“ಒಂದೇ ಕಣವ್ವ, ನೀನೇ ಯೋಳಿದ್ಯಂತಲ್ಲ.”

ಕಿಟಕಿಯಾಚೆ ನಿಂತಿದ್ದ ಅಂಕಯ್ಯನವರು ತಾವಾಗಿಯೇ ಆ ಡಬ್ಬಿ ತಂದು ಮೇಜಿನ ಮೇಲಿಟ್ಟರು.

ಅಂದು ರೋಗಿಗಳೆಲ್ಲ ಹೋದ ಮೇಲೆ ಸರ್ವಮಂಗಳ ಆ ಡಬ್ಬಿಯನ್ನು ಮುಂದಿಟ್ಟುಕೊಂಡು, “ನೀವು ಔಷಧಿ ಮಾರ್ಕೊಂಡ್ರಿ ಅಂತ ನಾನು ಒಂದು ಗಳಿಗೇನೂ ಅಂದ್ಕೊಂಡಿಲ್ಲ, ಅಂಕಯ್ಯನೋರೆ” ಅಂದರು.

“ಅವಳ ಕಷ್ಟ ನೋಡಕ್ಕಾಗ್ಲಿಲ್ಲ ಅಮ್ಮಾವ್ರೆ.”

“ನಂಗೊಂದು ಮಾತು ಹೇಳಿದ್ರೆ ಬೇರೆ ದಾರಿ ಹುಡುಕ್ತಿದ್ದೆ. ಇಷ್ಟು ದಿನ ಕಣ್ಣು ಮುಚ್ಚಿ ನಿಮ್ಮ ಕೈಯಿಂದ ಔಷಧಿ ಕಳಿಸ್ತಿದ್ದೆ. ಇನ್ಮೇಲೆ ಒಂದೊಂದು ಪೊಟ್ಟಣಾನೂ ಬಿಚ್ಚಿ ನೋಡ್ಬೇಕಾಗುತ್ತೆ. ನಿಮ್ಮ ಬೆನ್ನ ಹಿಂದೆ ನಿಂತು ಹಾಗೆ ನೋಡೋದು ನನ್ನ ಕೈಲಾಗಲ್ಲ. ನಾಳೆಯಿಂದ ಬರಬೇಡಿ.” ಅಂಕಯ್ಯನವರು ತಲೆಯಾಡಿಸಿ, ಕೋಣೆಯ ಬೀಗದ ಕೈ ಇಟ್ಟು, ಚಪ್ಪಲಿ ಮೆಟ್ಟಿ ಹೊರಟರು.

ಮೂರು ದಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾಲ್ಕನೆಯ ದಿನ ಹೆಂಡತಿ ಬೀರಮ್ಮ, “ಕೆಲ್ಸ ಓಯ್ತು ಬುಡಿ. ಆ ಎಣ್ಣಿನ ಗತಿ ಏನಾಯ್ತು?” ಅಂದರು. ಅಂಕಯ್ಯನವರು ಎದ್ದು ಹನಗೋಡಿನ ಬಸ್ಸು ಹತ್ತಿದರು.

ಹಾಡಿಯಲ್ಲಿ ಕೇತಿ ಗುಡಿಸಲ ಮುಂದೆ ಬಿಸಿಲು ಕಾಯುತ್ತಿದ್ದಳು. ಇವರು ನಡೆದದ್ದನ್ನೆಲ್ಲ ಹೇಳಿ, “ತಪ್ಪು ನಂದು ಕಣವ್ವ” ಅಂದರು. ಅವಳು ಸಮಾಧಾನ ಹೇಳುತ್ತಾಳೆಂದು ಒಳಗೊಳಗೇ ಆಸೆಯಿತ್ತೇನೋ. ಕೇತಿಗೆ ಸಿಟ್ಟು ಬಂತು.

“ನನ್ನ ಯಾಕೆ ಕೇಳ್ನಿಲ್ಲ? ವಾಂತಿ ಆದ್ರೂ ನುಂಗ್ತಿದ್ದೆ. ಬದುಕ್ಬೇಕು ಅಂತ್ಲೇ ಅಲ್ವಾ ಅಷ್ಟು ದೂರ ಬತ್ತಿದ್ದು?”

ಕೆಲಸದಿಂದ ತೆಗೆದಾಗಲೂ ಆಗದ ನೋವು ಅವರಿಗೆ ಆಗ ಆಯಿತು. ಕೆಳಗೆ ಕೂತು ಅತ್ತರು. ಅಳು ಮುಗಿದ ಮೇಲೆ ಕೇತಿ, “ಈಗೇನು ಮಾಡಾದು?” ಅಂದಳು.

ಮಾಡಿದ್ದು ಇಷ್ಟು: ಕೇತಿ ಹುಣಸೂರಿಗೆ ಬಂದು ಇವರ ಮನೆಯ ಗಾಳಿ ಬೆಳಕಿನ ಪಡಸಾಲೆಯಲ್ಲಿ ಉಳಿದಳು. ಈ ಸಲ ಅಂಕಯ್ಯನವರು ಮೊದಲೇ ಹೋಗಿ ಸರ್ವಮಂಗಳ ಅವರನ್ನು ಕೇಳಿದ್ದರು. ಔಷಧಿಯನ್ನು ಡಾಕ್ಟರೇ ಕೇತಿಯ ಕೈಗೆ ಕೊಡುತ್ತಿದ್ದರು. ಅಂಕಯ್ಯನವರು ಪೊಟ್ಟಣ ಮುಟ್ಟುತ್ತಿರಲಿಲ್ಲ. ಬೀರಮ್ಮ ಕಾಸಿದ ಅಂಬಲಿಯ ಲೋಟ ಹಿಡಿದು ಪಕ್ಕದಲ್ಲಿ ಕೂರುವರು. ಊಟವಾದ ಮೇಲೆ ಪುಡಿಯನ್ನು ಅಂಬಲಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಡಾಕ್ಟರು ಹೇಳಿಕೊಟ್ಟಿದ್ದರು. ವಾಂತಿಯಾದ ದಿನ ಅಂಕಯ್ಯನವರೇ ಬೆನ್ನು ನೀವುವರು. ಭಾನುವಾರಗಳಲ್ಲಿ ಸರ್ವಮಂಗಳ ಬಂದು ಕೇತಿಯನ್ನು ನೋಡಿ, ಬೀರಮ್ಮನ ಕೈಯ ಕಾಫಿ ಕುಡಿದು ಹೋಗುವರು. ಕೆಲಸದ ಮಾತನ್ನು ಆಕೆ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಮುಂದಿನ ವರ್ಷದ ಕೊನೆಗೆ ಕೇತಿ ಗುಣವಾಗಿ ಹಾಡಿಗೆ ಮರಳಿದಳು. ಅಂಕಯ್ಯನವರು ಹುಣಸೂರಿನ ಮನೆಯಲ್ಲೇ ಇದ್ದುಕೊಂಡು ಗಾವಡಗೆರೆಯ ಭಾವಮೈದುನನ ಜೊತೆ ಹೊಗೆಸೊಪ್ಪಿನ ಬೇಸಾಯಕ್ಕೆ ನಿಂತರು. ದವಾಖಾನೆಗೆ ಸಿದ್ದಯ್ಯ ಎಂಬ ಹೊಸ ಕಾಂಪೌಂಡರ್ ಬಂದ. ಡಾಕ್ಟರ ಬರಹ ತಿಳಿಯದಿದ್ದಾಗ ಅವನು ಚೀಟಿ ಹಿಡಿದು ಅಂಕಯ್ಯನವರ ಮನೆಗೆ ಓಡಿ ಬರುತ್ತಿದ್ದ. ಅವರು ಓದಬಲ್ಲವರಾಗಿದ್ದರೂ ಚೀಟಿಯನ್ನು ಮಡಿಸಿ ಅವನ ಕೈಗೇ ಕೊಟ್ಟು, “ಅಮ್ಮಾವ್ರನ್ನೇ ಕೇಳಪ್ಪ. ಕೇಳಿದ್ರೆ ಬೈಯಲ್ಲ, ಹೋಗು” ಅನ್ನುತ್ತಿದ್ದರು.